ನಾವು ತಿನ್ನದ ಜೋಳ

ಮುಗ್ಗಿದ ಜೋಳವನ್ನು ನಾವು ಚೆಲ್ಲುವುದಿಲ್ಲ, ದಾನ ಮಾಡುತ್ತೇವೆ. ಊರಿನ ಗೃಹಿಣಿಯರ ಮೇಲೆ ನಾನು ಹೊರಿಸುತ್ತಿರುವ ಈ ಆರೋಪದಲ್ಲಿ ಮೊದಲ ಅಪರಾಧಿ ನಾನೇ.

ಒಂದು ಮಳೆಗಾಲ, ಮೂಲೆಯಲ್ಲಿಟ್ಟ ಜೋಳದ ಚೀಲಕ್ಕೆ ಗೋಡೆಯ ತೇವ ಹತ್ತಿತ್ತು. ಬಿಚ್ಚಿದರೆ ಕಾಳು ಕಪ್ಪಾಗಿ ಕೈಗೆ ಬೂಷ್ಟು ಮೆತ್ತುತ್ತಿತ್ತು. ಮನೆಯವರಿಗೆ ರೊಟ್ಟಿ ತಟ್ಟಲು ಮನಸ್ಸಾಗಲಿಲ್ಲ, ಚೆಲ್ಲಲೂ ಮನಸ್ಸಾಗಲಿಲ್ಲ. ಅನ್ನ ದೇವರಲ್ಲವೇ! ಪಾತ್ರೆ ತಿಕ್ಕುವಾಕೆಗೆ ಕೊಟ್ಟೆ. “ತೊಳದು ಬಿಸಲಿಗೆ ಹಾಕಿದ್ರ ನಡೀತದರಿ ಅಕ್ಕಾರ” ಎಂದು ಹೊತ್ತುಕೊಂಡು ಹೋದಳು. ಮುಂದಿನ ವಾರ ಎರಡು ದಿನ ಬರಲಿಲ್ಲ. ಮಗುವಿಗೆ ಹೊಟ್ಟೆನೋವು ಎಂದು ಹೇಳಿಕಳಿಸಿದಳು. ನಾನು ರಜೆಯ ಲೆಕ್ಕ ಹಾಕಿದೆನೇ ಹೊರತು ಮಗು ಏನು ತಿಂದಿತ್ತೆಂದು ಕೇಳಲಿಲ್ಲ.

ತೊಳೆದರೆ ನಡೆಯುವುದಿಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಮೇಲಿನ ಬೂಷ್ಟು ಹೋದರೂ ಅದು ಕಾಳಿನೊಳಗೆ ಬಿಟ್ಟ ವಿಷ ಹೋಗದು. ಬಿಸಿಲು ಹೊಸ ಬೂಷ್ಟನ್ನು ತಡೆದೀತು, ಆಗಲೇ ಸೇರಿದ ವಿಷವನ್ನಲ್ಲ. ರೊಟ್ಟಿ ಹಂಚಿನ ಕಾವಿಗೂ ಅದು ಪೂರ್ತಿ ನಾಶವಾಗದು.

1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ಬೂಷ್ಟು ಹಿಡಿದವು. ರೊಟ್ಟಿ ತಿಂದ ಅರ್ಧ, ಒಂದು ಗಂಟೆಯೊಳಗೆ ಹೊಟ್ಟೆನೋವು, ಭೇದಿ. ತಜ್ಞರು ನೋಡಿದ 50 ಹಳ್ಳಿಗಳಲ್ಲಿ 27ಕ್ಕೆ ಈ ಬಾಧೆ ತಟ್ಟಿತ್ತು. ಕಾಳಿನಲ್ಲಿ ಸಿಕ್ಕ ವಿಷ ಫ್ಯುಮೋನಿಸಿನ್. ಅದನ್ನು ತಿನ್ನುವುದು ಬಿಟ್ಟ ಮೇಲೆ ಎಲ್ಲರೂ ಗುಣವಾದರು. ಆದರೆ ನರಳಿದವರು ಯಾರು? ಕಡುಬಡವರು. ಕೆಟ್ಟ ಕಾಳನ್ನು ಬಿಟ್ಟು ಬೇರೆ ಕಾಳು ಕೊಳ್ಳಲಾಗದವರು.

1974ರಲ್ಲಿ ರಾಜಸ್ಥಾನ, ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಆದದ್ದು ಇನ್ನೂ ಘೋರ. ಮಳೆಯಲ್ಲಿ ನೆನೆದ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ತುಂಬಿತ್ತು. ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಊಟ ಉಂಡ ನಾಯಿಗಳೂ ಸತ್ತವು.

“ನಮ್ಮ ಅಜ್ಜಿಯರು ತಿಂದು ಬದುಕಲಿಲ್ಲವೇ?” ಎಂದು ಕೇಳುವವರಿದ್ದಾರೆ. ಈ ವಿಷ ಸ್ವಲ್ಪಸ್ವಲ್ಪವೇ ಒಳಹೋದರೆ ಎಷ್ಟೋ ವರ್ಷಗಳ ನಂತರ ಪಿತ್ತಜನಕಾಂಗದ ಕ್ಯಾನ್ಸರಾಗಿ ಎದ್ದೀತು. ಆಗ ಜೋಳದ ಚೀಲವನ್ನು ನೆನೆಯುವವರು ಯಾರು?

“ಹಾಗಾದರೆ ಎಮ್ಮೆಗೆ ಹಾಕೋಣ” ಎನ್ನುವ ಜಾಣೆಯರೂ ಇದ್ದಾರೆ. ಎಮ್ಮೆ ತಿಂದ ಅಫ್ಲಾಟಾಕ್ಸಿನಿನ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ನಾವು ಕೊಟ್ಟದ್ದು ನಮ್ಮ ಮಗುವಿನ ಲೋಟಕ್ಕೇ ಮರಳುತ್ತದೆ.

ಮಾರುವ ಧಾನ್ಯಕ್ಕೆ ಕಾನೂನಿದೆ: ಕಿಲೋಗೆ 15 ಮೈಕ್ರೋಗ್ರಾಂ ಮೀರಿ ಅಫ್ಲಾಟಾಕ್ಸಿನ್ ಇರಕೂಡದು. ಅದು ಕಣ್ಣಿಗೆ ಕಾಣುವ ಅಳತೆಯಲ್ಲ. ಚೀಲ ಅಂಗಡಿಗೆ ಬರುವ ಮೊದಲೇ ಪರೀಕ್ಷೆಯಾಗಬೇಕು. ಅದನ್ನು ನಾವು ಗಟ್ಟಿಯಾಗಿ ಕೇಳಬೇಕು, “ನೋಡಿ ಕೊಳ್ಳಿ, ಆರಿಸಿ ತಿನ್ನಿ” ಎಂದು ಎಲ್ಲ ಹೊಣೆಯನ್ನೂ ಹೆಂಗಸಿನ ಮೊರಕ್ಕೆ ಸುರಿಯುವುದನ್ನು ಒಪ್ಪಬಾರದು. ಆದರೆ ನಮ್ಮ ಹಿತ್ತಲ ಬಾಗಿಲಿನ ದಾನಕ್ಕೆ ಯಾವ ಇನ್‌ಸ್ಪೆಕ್ಟರೂ ಇಲ್ಲ. ಅಲ್ಲಿ ಇರುವವರು ನಾವು ಮಾತ್ರ.

ಮುಗ್ಗಿದ ಕಾಳನ್ನು ದನ, ಕೋಳಿ ಮುಟ್ಟದಂತೆ ಗುಂಡಿ ತೋಡಿ ಹೂಳಿ. ಅನ್ನಪೂರ್ಣೆ ಮುನಿಯುವುದಿಲ್ಲ. ಕೊಡಬೇಕೆನಿಸಿದರೆ ನಾವು ತಿನ್ನುವ ಚೀಲದಿಂದಲೇ ಒಂದು ಸೇರು ಅಳೆದು ಕೊಡೋಣ. ನಮ್ಮ ತಟ್ಟೆಗೆ ಬೇಡವಾದದ್ದನ್ನು ಇನ್ನೊಬ್ಬಳ ಮಕ್ಕಳ ತಟ್ಟೆಗೆ ಸುರಿಯುವುದಕ್ಕೆ ದಾನ ಎಂಬ ಹೆಸರು ಸಲ್ಲದು.