ವಿಶ್ವವಿದ್ಯಾನಿಲಯಗಳ ಕೊರತೆಯ ಆಯವ್ಯಯ

ಮಾರ್ಚಿ ತಿಂಗಳು ಕಾಲಿಡುತ್ತಲೆ ನಮ್ಮ ನಾಡಿನ ವಿಶ್ವವಿದ್ಯಾನಿಲಯಗಳಲ್ಲಿ ಮುಂದಿನ ಸಾಲಿನ ಆಯವ್ಯಯದ ಅಂದಾಜು ಪಟ್ಟಿ ಸಿದ್ಧವಾಗುತ್ತದೆ. ಹಣಕಾಸು ಅಧಿಕಾರಿಗಳು ಅದನ್ನು ಹಣಕಾಸು ಸಮಿತಿಯ ಮುಂದಿರಿಸುವರು. ಸಿಂಡಿಕೇಟಿನಲ್ಲಿ ಚರ್ಚೆ ನಡೆಯುವುದು. ವಿದ್ಯಾವಿಷಯಕ ಪರಿಷತ್ತಿನಲ್ಲಿ ಅದನ್ನು ಓದುವರು. ಮರುದಿನ ಇಷ್ಟು ಕೋಟಿ ರೂಪಾಯಿಗಳ ಕೊರತೆಯ ಆಯವ್ಯಯವೆಂದು ಪತ್ರಿಕೆಗಳಲ್ಲಿ ಅಚ್ಚಾಗುವುದು. ಮೂರನೆಯ ದಿನಕ್ಕೆ ಮಹಾಜನರು ಅದನ್ನು ಮರೆಯುವರು. ಕೊರತೆಯೆಂಬುದು ಪಂಚಾಂಗದಲ್ಲಿ ಬರೆದಿಟ್ಟ ಹಬ್ಬದಂತೆ ವರ್ಷಂಪ್ರತಿ ಬರತಕ್ಕದ್ದೆಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಆದರೆ ಈ ಕೊರತೆ ದೈವಾಯತ್ತವಾದುದಲ್ಲ. ಬಹುಮಟ್ಟಿಗೆ ಸರಕಾರದ ಆಜ್ಞೆಗಳಿಂದಲೇ ಉಂಟಾದುದು. ಮೈಸೂರು ವಿಶ್ವವಿದ್ಯಾನಿಲಯದ ವೃತ್ತಾಂತವನ್ನು ನೋಡಿದರೆ ಇದು ಸ್ಪಷ್ಟವಾಗುವುದು.

ಆ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೧೯೧೬ನೆಯ ಜುಲೈ ೨೭ರಂದು. ನಾಲ್ವಡಿ ಕೃಷ್ಣರಾಜ ಒಡೆಯರವರು ಸಿಂಹಾಸನದಲ್ಲಿದ್ದರು, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು, ಎಚ್. ವಿ. ನಂಜುಂಡಯ್ಯನವರು ಮೊದಲನೆಯ ಉಪಕುಲಪತಿಗಳಾದರು. ಆಗ ಯೂರೋಪಿನಲ್ಲಿ ಮಹಾಯುದ್ಧ ನಡೆಯುತ್ತಿದ್ದಿತು. ಸಂಸ್ಥಾನವು ವರ್ಷಕ್ಕೆ ೩೫ ಲಕ್ಷ ರೂಪಾಯಿಗಳನ್ನು ಬ್ರಿಟಿಷ್ ಸರಕಾರಕ್ಕೆ ಕಪ್ಪವಾಗಿ ಎಣಿಸಿಕೊಡಬೇಕಾಗಿದ್ದಿತು. ಪರರಿಗೆ ಅಷ್ಟು ಹಣವನ್ನು ತೆತ್ತ ಬಳಿಕ ಉಳಿದ ಬೊಕ್ಕಸದಿಂದ ದೇಶೀಯ ಸಂಸ್ಥಾನವೊಂದು ತನ್ನದೇ ಆದ ವಿಶ್ವವಿದ್ಯಾನಿಲಯವನ್ನು ಮೊತ್ತಮೊದಲು ಕಟ್ಟಿತು. ಈಗ ಕಪ್ಪವಿಲ್ಲ, ಪರರ ಆಳ್ವಿಕೆಯಿಲ್ಲ. ಹಾಗಿದ್ದರೂ ಅದೇ ಸಂಸ್ಥೆಯ ನಿವೃತ್ತ ಅಧ್ಯಾಪಕರು ತಿಂಗಳ ವಿಶ್ರಾಂತಿವೇತನ ಯಾವಾಗ ಬಂದೀತೆಂದು ಕಾಯಬೇಕಾದ ಸ್ಥಿತಿಯೊದಗಿದೆ.

ಇದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಹಳೆಯ ವಿಶ್ವವಿದ್ಯಾನಿಲಯದ ವರಮಾನಕ್ಕೆ ಎರಡು ಮುಖ್ಯ ಮೂಲಗಳು. ಒಂದು, ಸರಕಾರವು ಕಂತುಕಂತಾಗಿ ಬಿಡುಗಡೆ ಮಾಡುವ ಅನುದಾನ. ಎರಡನೆಯದು, ಸಂಯೋಜಿತ ಕಾಲೇಜುಗಳಿಂದ ಬರುವ ಸಂಯೋಜನೆಯ ಶುಲ್ಕ ಮತ್ತು ಅಲ್ಲಿಯ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ. ಸ್ನಾತಕೋತ್ತರ ವಿಭಾಗಗಳಲ್ಲಿ ಖರ್ಚೇ ಹೆಚ್ಚು, ಆದಾಯ ಅಲ್ಪ; ಕಾಲೇಜುಗಳ ಶುಲ್ಕವೇ ಆ ವಿಭಾಗಗಳನ್ನು ಪೋಷಿಸುತ್ತ ಬಂದುದು. ಈ ಎರಡನೆಯ ಮೂಲವನ್ನು ಸರಕಾರವು ಹಂತಹಂತವಾಗಿ ಹಂಚಿಹಾಕಿತು. ೧೯೬೪ರಲ್ಲಿ ಬೆಂಗಳೂರು, ೧೯೮೦ರಲ್ಲಿ ಮಂಗಳೂರು, ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ, ಹೀಗೆ ಒಂದೊಂದಾಗಿ ಬೇರೆಯಾದವು. ಇತ್ತೀಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳಲ್ಲಿ ಹೊಸ ವಿಶ್ವವಿದ್ಯಾನಿಲಯಗಳಾದುದರಿಂದ ಆ ಜಿಲ್ಲೆಗಳ ಕಾಲೇಜುಗಳೂ ಮಾತೃಸಂಸ್ಥೆಯ ಕೈಬಿಟ್ಟವು. ಮೊದಲಿನ ವಿಭಜನೆಗಳಿಗೆ ಸಕಾರಣವಿದ್ದಿತು. ಮಲೆನಾಡಿನ ಹುಡುಗನು ಪ್ರತಿಯೊಂದು ಕಾಗದಕ್ಕೂ ಮೈಸೂರಿಗೆ ಅಲೆಯುವುದು ಯಾರಿಗೂ ಬೇಕಾಗಿರಲಿಲ್ಲ. ನಮ್ಮ ಆಕ್ಷೇಪಣೆ ಬೇರೆ. ಅವಿಭಕ್ತ ಕುಟುಂಬದ ಪಾಲಾದಾಗ ಗದ್ದೆಯೊಡನೆ ಸಾಲವನ್ನೂ ಹಂಚುವುದು ನಮ್ಮ ಹಳ್ಳಿಯ ಪಂಚಾಯಿತಿದಾರರಿಗೂ ಗೊತ್ತಿದ್ದ ನ್ಯಾಯ. ಇಲ್ಲಿಯಾದರೋ ಫಲ ಬಿಡುವ ಕಾಲೇಜುಗಳು ಕಿರಿಯರಿಗೆ ಹೋದವು. ನಾಲ್ಕು ಜಿಲ್ಲೆಗಳಿಗಾಗಿ ದುಡಿದವರ ವಿಶ್ರಾಂತಿವೇತನದ ಹೊರೆ ಹಿರಿಯರ ತಲೆಯ ಮೇಲೆಯೆ ಉಳಿಯಿತು.

ಅದರ ಮೇಲೆ ಬಂದುದು ಅನುದಾನದ ಕಡಿತ. ಪಿಂಚಣಿಗೆ ಬೇಕಾದ ಹಣದಲ್ಲಿ ಒಂದು ಪಾಲನ್ನು ಮಾತ್ರ ಕೊಟ್ಟು, ಉಳಿದುದನ್ನು ಆಂತರಿಕ ಸಂಪನ್ಮೂಲಗಳಿಂದ ಭರಿಸಿಕೊಳ್ಳಿರೆಂದು ಸರಕಾರವು ವಿಶ್ವವಿದ್ಯಾನಿಲಯಗಳಿಗೆ ಹೇಳುತ್ತ ಬಂದಿದೆ. ಆಂತರಿಕ ಸಂಪನ್ಮೂಲವೆಂದರೆ ಯಾವುದು? ಆ ಕಾಲೇಜುಗಳ ಶುಲ್ಕವೇ! ಬಾವಿಯನ್ನು ಪಕ್ಕದ ಮನೆಗೆ ಬಿಟ್ಟುಕೊಟ್ಟು, ಹಗ್ಗ ನಿಮ್ಮಲ್ಲಿದೆಯಲ್ಲ, ನೀರು ಸೇದಿಕೊಳ್ಳಿರಿ ಎಂದಂತಾಯಿತು.

ಇಂಥ ಸ್ಥಿತಿಯಲ್ಲಿ ಆಯವ್ಯಯವನ್ನು ಹೇಗೆ ಕೂಡಿಸುತ್ತಾರೆಂಬುದನ್ನು ವಾಚಕರು ಗಮನಿಸಬೇಕು. ಲೆಕ್ಕದ ಸೌಕರ್ಯಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವೆಚ್ಚ ೧೦೦ ರೂಪಾಯಿ. ಸರಕಾರ ಕಳೆದ ವರ್ಷ ಕೊಟ್ಟುದು ೫೦. ಸ್ವಂತ ವರಮಾನ ೨೫. ಉಳಿದ ೨೫ನ್ನು ಎಲ್ಲಿಂದ ತರುವುದು? ಬರವಿನ ಕಡೆಯಲ್ಲಿ ಸರಕಾರದ ಅನುದಾನವನ್ನು ೭೦ ಎಂದು ಬರೆದು, ಉಳಿದ ೫ನ್ನು ಮಾತ್ರ ಕೊರತೆಯೆಂದು ತೋರಿಸುವರು. ಕೇಳಿದ ಹಣವನ್ನೂ ಬಂದ ಹಣವನ್ನೂ ಒಂದೇ ಕಂಬಸಾಲಿನಲ್ಲಿ ಬರೆಯುವ ಈ ಪದ್ಧತಿ ಸುಳ್ಳು ಲೆಕ್ಕವಲ್ಲದಿದ್ದರೂ ನಿಜವಾದ ಲೆಕ್ಕವೂ ಅಲ್ಲ. ವರ್ಷದ ನಡುವೆ ಹಣ ಬಾರದೆ ಹೋದಾಗ ನಿರಖು ಠೇವಣಿಯನ್ನು ಮುರಿಯುವುದು, ಒಂದು ಉದ್ದೇಶಕ್ಕೆ ಬಂದ ನಿಧಿಯನ್ನು ಮತ್ತೊಂದಕ್ಕೆ ಸಾಲವಾಗಿ ತೆಗೆಯುವುದು, ಕಂಟ್ರಾಕ್ಟುದಾರರ ಬಿಲ್ಲುಗಳನ್ನು ಏಪ್ರಿಲಿಗೆ ನೂಕುವುದು ಇವೆಲ್ಲವೂ ಆರಂಭವಾಗುತ್ತವೆ. ಕೊನೆಯ ಕಂತು ಮಾರ್ಚಿಯ ಕೊನೆಯಲ್ಲಿ ಬಂದರೆ ಅದನ್ನು ಯೋಚಿಸಿ ವ್ಯಯಮಾಡಲು ಅವಕಾಶವೂ ಇರುವುದಿಲ್ಲ.

ಕಡಿತದ ಕತ್ತಿ ಎಲ್ಲರ ಮೇಲೆಯೂ ಸಮನಾಗಿ ಬೀಳುವುದಿಲ್ಲ. ಸಂಬಳವನ್ನು ನಿಲ್ಲಿಸಿದರೆ ಮುಷ್ಕರವಾಗುವುದು. ವಿದ್ಯುಚ್ಛಕ್ತಿಯ ಹಣ ಕಟ್ಟದಿದ್ದರೆ ದೀಪ ಆರುವುದು. ಘಟಿಕೋತ್ಸವವನ್ನು ನಡೆಸದಿದ್ದರೆ ಮಾನ ಹೋಗುವುದು. ಗ್ರಂಥಭಂಡಾರಕ್ಕೆ ಹೊಸ ಪುಸ್ತಕ ಬಾರದಿದ್ದರೆ ಮಾತ್ರ ಯಾರೂ ಮುಷ್ಕರ ಹೂಡುವುದಿಲ್ಲ. ಪ್ರಯೋಗಶಾಲೆಯ ರಾಸಾಯನಿಕಗಳು, ಸಂಶೋಧನ ಪತ್ರಿಕೆಗಳ ಚಂದಾ, ಪ್ರಸಾರಾಂಗದ ಅಚ್ಚಿನ ವೆಚ್ಚ, ಸಂಶೋಧನ ವಿದ್ಯಾರ್ಥಿಯ ವೇತನ ಇವೇ ಮೊದಲು ಬಲಿಯಾಗತಕ್ಕವು. ಎಲ್ಲಕ್ಕಿಂತ ದೊಡ್ಡ ಉಳಿತಾಯವೆಂದರೆ ಖಾಲಿ ಹುದ್ದೆಗಳು. ಮಂಜೂರಾದ ಅಧ್ಯಾಪಕ ಸ್ಥಾನಗಳಲ್ಲಿ ಬಹುಭಾಗವು ವರ್ಷಗಟ್ಟಲೆ ತೆರವಾಗಿವೆ. ಆರ್ಥಿಕ ಇಲಾಖೆಯ ಅನುಮತಿಯಿಲ್ಲದೆ ಅವುಗಳನ್ನು ತುಂಬಲಾಗದು. ಆ ಕೆಲಸವನ್ನು ಅತಿಥಿ ಉಪನ್ಯಾಸಕರಿಂದ ಮಾಡಿಸಲಾಗುತ್ತಿದೆ. ಅತಿಥಿಯೆಂಬ ಗೌರವದ ಮಾತನ್ನು ಇಷ್ಟು ಅಗ್ಗವಾಗಿ ನಾವು ಹಿಂದೆಂದೂ ಬಳಸಿರಲಿಲ್ಲ. ಅಧ್ಯಾಪಕರಿಲ್ಲದ ವಿಶ್ವವಿದ್ಯಾನಿಲಯಕ್ಕೆ ಮೌಲ್ಯಾಂಕನದಲ್ಲಿ ಕೆಳಗಿನ ದರ್ಜೆ ದೊರೆಯುವುದು. ದರ್ಜೆ ಇಳಿದಂತೆ ಕೇಂದ್ರದ ನೆರವೂ ದೂರವಾಗುವುದು. ೨೦೨೩ರಲ್ಲಿ ಹೊಸ ರೂಪ ತಳೆದ ಕೇಂದ್ರದ ಪಿಎಂ-ಉಷಾ ಯೋಜನೆಯಲ್ಲಿ ಆಯ್ದ ಕೆಲವು ವಿಶ್ವವಿದ್ಯಾನಿಲಯಗಳಿಗೆ ತಲಾ ೧೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿದುದು ಸಂತೋಷದ ಸಂಗತಿಯೇ. ಆದರೆ ಕಟ್ಟಡಕ್ಕೂ ಸಲಕರಣೆಗೂ ಬಂದ ಹಣದಿಂದ ಪಿಂಚಣಿ ಕೊಡಲು ಬರುವುದಿಲ್ಲ.

ಹಂಪೆಯ ಕನ್ನಡ ವಿಶ್ವವಿದ್ಯಾಲಯದ ಸಂಗತಿ ಇನ್ನೂ ವಿಷಾದಕರ. ೧೯೯೧ರಲ್ಲಿ ನಾಡುನುಡಿಯ ಸಂಶೋಧನೆಗೆಂದೇ ಸ್ಥಾಪಿತವಾದ ಆ ಸಂಸ್ಥೆಗೆ ಸಂಯೋಜಿತ ಕಾಲೇಜುಗಳ ಬಳಗವಿಲ್ಲ. ಆದುದರಿಂದ ಪರೀಕ್ಷಾ ಶುಲ್ಕದ ವರಮಾನವೂ ಇಲ್ಲ. ಅದು ಪೂರ್ಣವಾಗಿ ಸರಕಾರದ ಕೈಯನ್ನೇ ನೋಡಬೇಕು. ಅಲ್ಲಿಯೂ ಅನುದಾನ ಕುಗ್ಗಿ, ವಿದ್ಯುತ್ತಿನ ಬಾಕಿಯ ಮಾತು ಪತ್ರಿಕೆಗಳವರೆಗೂ ಬಂದಿತು. ನವೆಂಬರ್ ಒಂದರಂದು ವೇದಿಕೆಗಳ ಮೇಲೆ ಕನ್ನಡದ ಹೆಸರಿನಲ್ಲಿ ಹರಿಯುವ ವಾಕ್‌ಪ್ರವಾಹದ ಒಂದು ಬೊಗಸೆಯಷ್ಟಾದರೂ ಹಣವಾಗಿ ಹಂಪೆಗೆ ಹರಿದಿದ್ದರೆ ಈ ಅವಮಾನ ತಪ್ಪುತ್ತಿದ್ದಿತು.

ಹಳೆಯವುಗಳಿಗೆ ಅನ್ನವಿಲ್ಲದಿರುವಾಗಲೇ ಹೊಸವುಗಳ ನಾಮಕರಣ ನಡೆಯಿತು. ೨೦೨೨-೨೩ರಲ್ಲಿ ಬೀದರ, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ ಎಂಬ ಏಳು ವಿಶ್ವವಿದ್ಯಾನಿಲಯಗಳನ್ನು, ಇದ್ದ ಸ್ನಾತಕೋತ್ತರ ಕೇಂದ್ರಗಳನ್ನೇ ಆಧಾರವಾಗಿರಿಸಿಕೊಂಡು, ಅತ್ಯಲ್ಪ ಹಣದಲ್ಲಿ ಆರಂಭಿಸಲಾಯಿತು. ೨೦೨೫ರ ಫೆಬ್ರವರಿಯಲ್ಲಿ, ಬೇರೊಂದು ಪಕ್ಷದ ಸರಕಾರದ ಮಂತ್ರಿಮಂಡಲದ ಉಪಸಮಿತಿಯು ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚಬಹುದೆಂದು ಶಿಫಾರಸು ಮಾಡಿತು. ಹಣವನ್ನು ಯೋಚಿಸದೆ ತೆರೆಯುವುದು ಒಂದು ಪಕ್ಷದ ಔದಾರ್ಯ, ಹಣವಿಲ್ಲವೆಂದು ಮುಚ್ಚುವುದು ಇನ್ನೊಂದು ಪಕ್ಷದ ವಿವೇಕ. ಇವೆರಡರ ನಡುವೆ ಪ್ರವೇಶಪತ್ರ ತುಂಬಿದ ವಿದ್ಯಾರ್ಥಿಯು ತನ್ನ ಪದವಿಯ ಮೇಲೆ ಯಾವ ಮುದ್ರೆ ಬೀಳುವುದೆಂದು ತಿಳಿಯದೆ ನಿಂತಿದ್ದಾನೆ.

ಸರಕಾರದ ಪಕ್ಷದಲ್ಲಿ ಹೇಳತಕ್ಕ ಮಾತುಗಳೂ ಇಲ್ಲದಿಲ್ಲ. ಖಜಾನೆಯ ಮೇಲೆ ನೂರು ಕೈಗಳಿವೆ; ಪ್ರಾಥಮಿಕ ಶಾಲೆಯ ಮಾಡು ಸೋರುತ್ತಿರುವಾಗ ಸ್ನಾತಕೋತ್ತರ ವಿಭಾಗಕ್ಕೇಕೆ ಅಗ್ರಸ್ಥಾನವೆಂದು ಯಾವ ಮಂತ್ರಿಯಾದರೂ ಕೇಳಬಹುದು. ವಿಶ್ವವಿದ್ಯಾನಿಲಯಗಳು ಕೈ ಬಿಚ್ಚಿ ಕಟ್ಟಡಗಳನ್ನು ಎಬ್ಬಿಸಿದ ಕಾಲವೂ ಉಂಟು. ವರಮಾನದ ಹಂಬಲ ಎಲ್ಲಿಗೆ ಒಯ್ಯುವುದೆಂಬುದಕ್ಕೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಪ್ರಸಂಗವೇ ಸಾಕು: ರಾಜ್ಯದ ಗಡಿಯಾಚೆಗೂ ಸಹಭಾಗಿ ಸಂಸ್ಥೆಗಳ ಮೂಲಕ ಶಿಕ್ಷಣ ಕ್ರಮಗಳನ್ನು ನಡೆಸಿತೆಂಬ ಆಕ್ಷೇಪಣೆಯಿಂದ ೨೦೧೫ರಲ್ಲಿ ಅದರ ಮಾನ್ಯತೆ ಹೋಯಿತು, ೨೦೧೮ರಲ್ಲಿ ಅದು ಮತ್ತೆ ದೊರೆಯುವುದರೊಳಗಾಗಿ ನಷ್ಟಪಟ್ಟವರು ವಿದ್ಯಾರ್ಥಿಗಳು. ನೀವೇ ಸಂಪಾದಿಸಿಕೊಳ್ಳಿರಿ ಎಂದು ಉಪದೇಶಿಸುವ ಅಧಿಕಾರಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹೀಗೆ ಸಂಪಾದಿಸಿದುದರ ಮೇಲೆಯೂ ಕಣ್ಣು ಬಿದ್ದಿದೆ; ಸಂಯೋಜನೆಯ ಶುಲ್ಕವು ನೂರಕ್ಕೆ ೧೮ರ ಜಿ.ಎಸ್.ಟಿ.ಗೆ ಒಳಪಡುವುದೆಂದು ೨೦೨೪ರಲ್ಲಿ ಸ್ಪಷ್ಟೀಕರಣ ಬಂದಿತು. ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ಆರು ಪಾಲನ್ನು ವಿದ್ಯೆಗೆ ಮೀಸಲಿಡಬೇಕೆಂಬುದು ಕೊಠಾರಿ ಆಯೋಗದ ಕಾಲದ ಮಾತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಮತ್ತೆ ಬರೆಯಿತು. ಬರೆಯುವುದಕ್ಕೆ ಹಣ ಬೇಕಾಗುವುದಿಲ್ಲ.

ಮುಂದೇನು ಮಾಡಬೇಕು? ಮೊದಲು ಪಿಂಚಣಿಯನ್ನು ವಿಶ್ವವಿದ್ಯಾನಿಲಯದ ಪುಸ್ತಕದಿಂದ ತೆಗೆದು ಸರಕಾರದ ಪುಸ್ತಕಕ್ಕೆ ಏರಿಸತಕ್ಕದ್ದು. ಇದು ಕೊನೆಯಿಲ್ಲದ ಹೊರೆಯೆಂದು ಆರ್ಥಿಕ ಇಲಾಖೆಯವರು ಹೆದರಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ೨೦೦೬ನೆಯ ಏಪ್ರಿಲ್ ಒಂದರ ತರುವಾಯ ನೇಮಕವಾದವರಿಗೆ ಹೊಸ ಪಿಂಚಣಿ ಪದ್ಧತಿ ಅನ್ವಯಿಸುತ್ತದೆ; ಹಳೆಯ ಪದ್ಧತಿಯ ಪಟ್ಟಿಗೆ ಹೊಸ ಹೆಸರುಗಳು ಸೇರುವುದು ಬಹುಮಟ್ಟಿಗೆ ನಿಂತಿದೆ. ಇರುವವರ ಜನ್ಮದಿನಾಂಕಗಳು ಸೇವಾ ಪುಸ್ತಕಗಳಲ್ಲಿಯೆ ಇವೆ. ಯಾವ ವರ್ಷಕ್ಕೆ ಎಷ್ಟು ಹಣ ಬೇಕು, ಹೊರೆ ಯಾವಾಗ ಇಳಿಮುಖವಾದೀತು ಎಂಬುದನ್ನು ನುರಿತ ಗುಮಾಸ್ತನೊಬ್ಬನು ಕೆಲವು ವಾರಗಳಲ್ಲಿ ಲೆಕ್ಕಹಾಕಬಲ್ಲನು. ಎರಡನೆಯದಾಗಿ, ಅನುದಾನದ ಮೊತ್ತವನ್ನು, ಅದು ಎಷ್ಟೇ ಅಲ್ಪವಾಗಿರಲಿ, ಮೂರು ವರ್ಷಗಳಿಗೆ ಮುಂದಾಗಿ ತಿಳಿಸಬೇಕು. ಬರುವ ಹಣ ಖಚಿತವಾದರೆ ಬಡವನೂ ಸಂಸಾರ ನಡೆಸುತ್ತಾನೆ.

ವಿಶ್ವವಿದ್ಯಾನಿಲಯಗಳ ಪಾಲಿನ ಕರ್ತವ್ಯವೂ ಒಂದುಂಟು. ಈ ಮಾರ್ಚಿಯಲ್ಲಿ ಮಂಡಿಸುವ ಪಟ್ಟಿಯಲ್ಲಿ ಕೇಳಿದ ಅನುದಾನಕ್ಕೊಂದು, ಕಳೆದ ಮೂರು ವರ್ಷಗಳಲ್ಲಿ ನಿಜವಾಗಿ ಕೈಗೆ ಬಂದುದಕ್ಕೊಂದು, ಹೀಗೆ ಎರಡು ಕಂಬಸಾಲುಗಳನ್ನು ಎಳೆಯಲಿ. ವೆಚ್ಚವನ್ನು ಎರಡನೆಯದಕ್ಕೆ ಹೊಂದಿಸಲಿ. ಆಗ ನಿಂತುಹೋಗುವ ಪ್ರತಿಯೊಂದು ವಿಭಾಗದ ಹೆಸರನ್ನೂ, ಬಾರದ ಪ್ರತಿಯೊಂದು ಪತ್ರಿಕೆಯ ಹೆಸರನ್ನೂ ಅನುಬಂಧದಲ್ಲಿ ಅಚ್ಚುಹಾಕಿಸಲಿ. ಸಿಂಡಿಕೇಟಿನಲ್ಲಿ ಸರಕಾರದ ನಾಮಕರಣ ಸದಸ್ಯರೂ ಕುಳಿತಿರುತ್ತಾರೆ. ಆ ಅನುಬಂಧದ ಕೆಳಗೆ ಅವರೂ ಸಹಿಹಾಕಬೇಕಾಗುವುದು.