ಪರದೇಶದಲ್ಲಿ ಓದುವ ಮಗಳೂ ಆಕೆಯ ತಿರುಗಾಟವೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಪರದೇಶದ ವಿಶ್ವವಿದ್ಯಾನಿಲಯಗಳನ್ನು ಸೇರುವವರು ಈಗ ಅಪೂರ್ವವೇನಲ್ಲ. ಇದು ನಮಗೆಲ್ಲರಿಗೂ ಸಂತೋಷದ ವಿಷಯವೇ ಸರಿ. ಆದರೆ ಹಳೆಯ ವಿದ್ಯಾರ್ಥಿನಿಯರು ಕೂಡಿದಲ್ಲೆಲ್ಲ, ಈ ಮಾತು ಬಂದಾಗ, ಒಬ್ಬಿಬ್ಬರು ತಾಯಂದಿರಾದರೂ ಸ್ವರವನ್ನು ತಗ್ಗಿಸಿ ಕೇಳುವ ಪ್ರಶ್ನೆಯೊಂದುಂಟು: “ಓದಲಿಕ್ಕೆಂದು ಹೋದವಳಿಗೆ ಊರೂರು ತಿರುಗುವ ಕೆಲಸವೇನು?” ಸಾಲ ಮಾಡಿ ಕಳುಹಿಸಿದ ಹಣ, ಒಬ್ಬಂಟಿಯಾದ ಹೆಣ್ಣುಮಗಳು, ಆಡಿಕೊಳ್ಳುವ ನೆಂಟರಿಷ್ಟರು, ಈ ಮೂರು ಚಿಂತೆಗಳೂ ಆ ಪ್ರಶ್ನೆಯ ಹಿಂದೆ ಇರುವುದನ್ನು ನಾವು ಬಲ್ಲೆವು. ಆದುದರಿಂದ ಅದನ್ನು ಹಗುರವಾಗಿ ತಳ್ಳಿಬಿಡಲು ನಮಗೆ ಮನಸ್ಸಿಲ್ಲ. ಆದರೂ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪರದೇಶದಲ್ಲಿ ಓದುವ ಹುಡುಗಿಗೆ ನಿತ್ಯದ ಮನೆಗೆಲಸವೂ ಬಿಡುವಿನ ದಿನದ ತಿರುಗಾಟವೂ ವಿದ್ಯೆಯ ಅಂಗಗಳೇ ಹೊರತು ವಿದ್ಯೆಗೆ ವಿಘ್ನಗಳಲ್ಲ. ಅವೆರಡನ್ನೂ ತಾಯ್ತಂದೆಗಳು ಮನಃಪೂರ್ವಕವಾಗಿ ಒಪ್ಪಿಕೊಳ್ಳಬೇಕು.

ಎಲ್ಲಾ ದೇಶಗಳ ವಿಷಯವನ್ನು ಹೇಳಹೊರಡುವುದು ಸಲ್ಲದು. ನಾವು ಎರಡು ವರ್ಷ ಓದಿ ಬಂದ ಜರ್ಮನಿಯ ಟ್ಯೂಬಿಂಗನ್ ಪಟ್ಟಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ನೆಕ್ಕರ್ ಹೊಳೆಯ ದಂಡೆಯಲ್ಲಿರುವ ಈ ಊರಿನ ಜನಸಂಖ್ಯೆ ಸುಮಾರು 90,000. ವಿಶ್ವವಿದ್ಯಾನಿಲಯವು 1477ರಲ್ಲಿ ಸ್ಥಾಪಿತವಾದದ್ದು. ಕನ್ನಡಿಗರಿಗೆ ಇದು ತೀರ ಅಪರಿಚಿತ ಸ್ಥಳವೂ ಅಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರು ದೇವಶಾಸ್ತ್ರವನ್ನು ಕಲಿತದ್ದು ಇಲ್ಲಿಯೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕರ್ತೃಗಳಾದ ಕಿಟ್ಟೆಲರಿಗೆ 1896ರಲ್ಲಿ ಗೌರವಪದವಿಯನ್ನಿತ್ತದ್ದು ಇದೇ ವಿಶ್ವವಿದ್ಯಾನಿಲಯ. ಅವರು 1903ರಲ್ಲಿ ಕಾಲವಾದದ್ದೂ ಈ ಊರಿನಲ್ಲಿಯೇ.

ಮೊದಲು ಅಲ್ಲಿಯ ದಿನಚರಿಯನ್ನು ನೋಡೋಣ. ವಿದ್ಯಾರ್ಥಿನಿಲಯದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚಿಕ್ಕ ಕೋಣೆ. ಅಡಿಗೆಮನೆಯು ಮಾತ್ರ ನಾಲ್ಕು ದೇಶಗಳಿಂದ ಬಂದ ಹತ್ತು ಜನಕ್ಕೆ ಸೇರಿದ್ದು. ಒಗ್ಗರಣೆಯ ಘಾಟು ಎದ್ದಿತೆಂದರೆ ಪಕ್ಕದ ಕೋಣೆಯವರು ಕಿಟಕಿಯನ್ನು ತೆರೆಯುವರು. ಅವರ ಹಳೆಯ ಗಿಣ್ಣಿನ ವಾಸನೆಗೆ ನಾವು ತೆರೆಯುವೆವು. ಸ್ವಲ್ಪ ಕಾಲದಲ್ಲಿ ಎರಡು ಕಡೆಯವರಿಗೂ ಅಭ್ಯಾಸವಾಗುವುದು. ಕಸವನ್ನು ಒಟ್ಟಿಗೆ ಎಸೆಯುವಂತಿಲ್ಲ. ಕಾಗದ, ಅಡಿಗೆಯ ಕಸ, ಸಾಮಾನು ಸುತ್ತಿ ಬಂದ ಹಾಳೆ ಡಬ್ಬಗಳು, ಉಳಿದದ್ದು ಎಂದು ಬೇರೆ ಬೇರೆ ತೊಟ್ಟಿಗಳಲ್ಲಿ ಹಾಕಬೇಕು. ನೀರಿನ ಪ್ಲಾಸ್ಟಿಕ್ ಸೀಸೆಯನ್ನು ಕೊಳ್ಳುವಾಗ 25 ಸೆಂಟು ಅಡವು ಕೊಟ್ಟು, ಬರಿದಾದ ಸೀಸೆಯನ್ನು ಅಂಗಡಿಗೆ ಹಿಂದಿರುಗಿಸಿ ಅದನ್ನು ಪಡೆದುಕೊಳ್ಳಬೇಕು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಶನಿವಾರ ಮರೆತ ಉಪ್ಪಿಗೆ ಸೋಮವಾರದ ವರೆಗೆ ಕಾಯಬೇಕು, ಇಲ್ಲವೆ ನೆರೆಯವರ ಬಾಗಿಲು ತಟ್ಟಬೇಕು.

ಆ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಹಳೆಯ ಪದ್ಧತಿಯೊಂದುಂಟು. ಗುಡಿಸುವ ವಾರವೆಂದು ಅದರ ಅರ್ಥ. ಒಂದೇ ಕಟ್ಟಡದಲ್ಲಿ ವಾಸಿಸುವವರು ವಾರಕ್ಕೊಬ್ಬರಂತೆ ಮೆಟ್ಟಿಲುಗಳನ್ನೂ ಮುಂದಿನ ಹಾದಿಯನ್ನೂ ಗುಡಿಸಿ ಒರಸತಕ್ಕದ್ದು. ಸರದಿ ಯಾರದೋ ಅವರ ಬಾಗಿಲಿಗೆ ಚಿಕ್ಕ ಹಲಗೆಯೊಂದು ತೂಗುವುದು. ವೈದ್ಯರಾಗಲಿ ಬಡಗಿಯಾಗಲಿ ವಿದ್ಯಾರ್ಥಿಯಾಗಲಿ, ಹಲಗೆಯು ಯಾರನ್ನೂ ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ಪೊರಕೆಯನ್ನು ಮುಟ್ಟದೆ ಬೆಳೆದ ಹುಡುಗರು ಅಲ್ಲಿ ಮೆಟ್ಟಿಲುಗಳನ್ನು ಒರಸುವುದನ್ನು ಕಂಡಾಗ, ಗುಡಿಸುವುದು ಹೆಂಗಸಿನ ಹಣೆಯ ಬರಹವಲ್ಲ, ಅದು ಮನೆಯಲ್ಲಿ ಇರುವವರೆಲ್ಲರ ಬಾಧ್ಯತೆ ಎಂಬ ಪಾಠವು ಹುಡುಗಿಯರಿಗೆ ಯಾವ ಉಪನ್ಯಾಸವೂ ಇಲ್ಲದೆ ತಿಳಿದುಹೋಗುತ್ತದೆ.

ಹಣದ ವಿಷಯವನ್ನು ಮುಚ್ಚಿ ಹೇಳುವುದು ಸರಿಯಲ್ಲ. ಹೊರದೇಶದ ವಿದ್ಯಾರ್ಥಿಯು ಒಂದು ವರ್ಷದ ಜೀವನಕ್ಕೆ ಬೇಕಾದ ಮೊತ್ತವನ್ನು ಬ್ಯಾಂಕಿನಲ್ಲಿ ಮುಂಗಡವಾಗಿ ಇಟ್ಟು ತೋರಿಸಬೇಕಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೋ ಎಂದು ಗೊತ್ತುಮಾಡಿದರು. ತಿಂಗಳಿಗೆ 992 ಯೂರೋಗಳಂತೆ ಅದು ಕೈಗೆ ಬರುವುದು. ಇದಲ್ಲದೆ ಬಾಡೆನ್ ವ್ಯೂರ್ಟೆಂಬೆರ್ಗ್ ಸಂಸ್ಥಾನದಲ್ಲಿ ಯುರೋಪಿನ ಒಕ್ಕೂಟಕ್ಕೆ ಸೇರದ ದೇಶಗಳವರಿಗೆ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕವನ್ನು 2017ರಲ್ಲಿ ವಿಧಿಸಿದರು. ವರ್ಷಕ್ಕೆ 140 ಪೂರ್ಣ ದಿನಗಳ ವರೆಗೆ ಕೂಲಿಯ ಕೆಲಸಕ್ಕೆ ಹೋಗಬಹುದೆಂದು 2024ರಲ್ಲಿ ಅನುಮತಿಯಾಯಿತು. ಇಷ್ಟೆಲ್ಲ ಲೆಕ್ಕವನ್ನು ತಲೆಯಲ್ಲಿ ಹೊತ್ತ ಹುಡುಗಿಗೆ ಒಂದು ಯೂರೋ ಎಂದರೆ ಏನೆಂಬುದನ್ನು ಇಲ್ಲಿಂದ ನಾವು ಹೇಳಿಕೊಡಬೇಕಾದುದಿಲ್ಲ. ಪ್ರವಾಸದ ಹಣವನ್ನು ಆಕೆ ಉಳಿಸುವುದು ಹೆಚ್ಚಾಗಿ ತನ್ನ ಊಟದ ಖರ್ಚಿನಿಂದಲೇ.

ಇನ್ನು ಚಳಿಗಾಲ. ಡಿಸೆಂಬರಿನಲ್ಲಿ ಅಲ್ಲಿ ಸುಮಾರು ನಾಲ್ಕೂವರೆ ಗಂಟೆಗೆ ಸೂರ್ಯನು ಮುಳುಗುತ್ತಾನೆ. ಆಗ ನಮ್ಮಲ್ಲಿ ರಾತ್ರಿ ಒಂಬತ್ತು. ಇಲ್ಲಿ ತಾಯಿಯು ಊಟ ಮುಗಿಸಿ ಮಗಳನ್ನು ಫೋನಿನಲ್ಲಿ ಕರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಕತ್ತಲೆ ಕವಿಯುತ್ತಿರುತ್ತದೆ. “ಚೆನ್ನಾಗಿದ್ದೇನಮ್ಮ” ಎಂಬ ಮಾತು ಅಭ್ಯಾಸದಿಂದ ಬರುತ್ತದೆ. ಆ ಮಾತಿನ ಅನಂತರ ಆಕೆ ನೋಡುವುದು ನಾಲ್ಕು ಗೋಡೆಗಳನ್ನು ಮಾತ್ರ. ವಾರಗಟ್ಟಲೆ ಕೋಣೆ, ಗ್ರಂಥಾಲಯ, ಕೆಲಸದ ಸ್ಥಳ ಈ ಮೂರರ ನಡುವೆ ಮಾತ್ರ ಓಡಾಡಿ, ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಪಡೆದು, ಮನಸ್ಸಿನಲ್ಲಿ ಸೊರಗಿದ ಹುಡುಗಿಯರನ್ನು ನಾವು ಕಂಡಿದ್ದೇವೆ. ಅಂಥವರಿಗೆ ಹೊರಗೆ ಹೋಗಿ ನಾಲ್ಕು ಹೆಜ್ಜೆ ನಡೆದು ಏನನ್ನಾದರೂ ನೋಡುವುದು ವಿಲಾಸವಲ್ಲ, ಅನ್ನದಷ್ಟೇ ಅವಶ್ಯವಾದದ್ದು.

ನೋಡತಕ್ಕದ್ದನ್ನೆಲ್ಲ ಹಣ ಸುರಿದೇ ನೋಡಬೇಕಾಗಿಲ್ಲ. ಊರಿನೊಳಗೇ ಹೊಳೆಯ ಪಕ್ಕದಲ್ಲಿ ಹಳದಿ ಗೋಪುರವೊಂದಿದೆ. ಹ್ಯೋಲ್ಡರ್ಲಿನ್ ಕವಿಯು ಬುದ್ಧಿಸ್ಥಿಮಿತವನ್ನು ಕಳೆದುಕೊಂಡ ಮೇಲೆ 1807ರಿಂದ 1843ರ ವರೆಗೆ, ಮೂವತ್ತಾರು ವರ್ಷ, ಅಲ್ಲಿ ವಾಸಿಸಿದನು. ಆತನಿಗೆ ಆಶ್ರಯ ಕೊಟ್ಟವನು ಶ್ರೀಮಂತನಲ್ಲ, ತ್ಸಿಮ್ಮರ್ ಎಂಬ ಒಬ್ಬ ಬಡಗಿ. ಬಡಗಿಯು ತೀರಿದ ಮೇಲೆ ಆತನ ಮಗಳು ಲೊಟ್ಟೆ ಎಂಬಾಕೆ ಕವಿಯ ಕೊನೆಯ ದಿನದ ವರೆಗೂ ಉಪಚರಿಸಿದಳು. ಕವಿಯ ಹೆಸರನ್ನು ಲೋಕವೆಲ್ಲ ಬಲ್ಲದು, ಆಕೆಯ ಹೆಸರನ್ನು ತಿಳಿಯಬೇಕಾದರೆ ಆ ಊರಿಗೆ ಹೋಗಬೇಕು. ಗುಡ್ಡದ ಮೇಲಿನ ಕೋಟೆಯಲ್ಲಿ ಹಿಂದೆ ಅಡಿಗೆಮನೆಯಾಗಿದ್ದ ಕೊಠಡಿಯೊಂದಿದೆ. ಅದು ಪ್ರಯೋಗಶಾಲೆಯಾಗಿದ್ದಾಗ, 1869ರಲ್ಲಿ, ಮೀಷರ್ ಎಂಬ ತರುಣನು ಗಾಯದ ಪಟ್ಟಿಗಳಿಂದ ತೆಗೆದ ಕೀವಿನಿಂದ ಈಗ ನಾವು ಡಿ.ಎನ್.ಎ. ಎಂದು ಕರೆಯುವ ಪದಾರ್ಥವನ್ನು ಮೊದಲು ಬೇರ್ಪಡಿಸಿದನು. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಸುಮಾರು 40,000 ವರ್ಷಗಳ ಹಿಂದೆ ಆನೆಯ ಜಾತಿಯ ಮ್ಯಾಮತ್ ಪ್ರಾಣಿಯ ದಂತದಲ್ಲಿ ಕೆತ್ತಿದ, ಬೆರಳುದ್ದದ ಕುದುರೆಯಿದೆ. ಜೀವಶಾಸ್ತ್ರವನ್ನೋ ಇತಿಹಾಸವನ್ನೋ ಓದುವ ಹುಡುಗಿಯು ಇವುಗಳ ಮುಂದೆ ಅರ್ಧ ಗಂಟೆ ನಿಂತರೆ ಅದನ್ನು ಕಾಲಹರಣವೆಂದು ಕರೆಯುವ ಧೈರ್ಯವು ಯಾರಿಗುಂಟು?

ನೋಡಬೇಕಾದ ಸ್ಥಳಗಳೆಲ್ಲ ಸುಂದರವಾದವುಗಳೇ ಅಲ್ಲ. ಅದೇ ಊರಿನ ಗಾರ್ಟನ್ ಬೀದಿಯಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವಿದ್ದಿತು. 1938ರ ನವೆಂಬರಿನ ಒಂದು ರಾತ್ರಿ ಅದನ್ನು ಸುಟ್ಟುಹಾಕಿದರು. ಇಂದು ಆ ಸ್ಥಳದಲ್ಲಿ ಸ್ಮಾರಕವಿದೆ. ವಿದ್ಯೆಗೆ ಇಷ್ಟು ಪ್ರಸಿದ್ಧವಾದ ಊರಿನಲ್ಲಿಯೂ ಇಂಥ ಕೃತ್ಯವು ನಡೆಯಿತೆಂಬುದನ್ನು ಅಲ್ಲಿ ನಿಂತು ತಿಳಿದವಳು, ಬರಿಯ ವಿದ್ಯೆಯೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದೆಂದು ಮುಂದೆ ಎಂದೂ ಭ್ರಮಿಸಲಾರಳು. ಒಂದು ಜನಾಂಗವು ತನ್ನ ಅವಮಾನವನ್ನು ಮುಚ್ಚದೆ ಊರ ನಡುವೆ ನಿಲ್ಲಿಸಿಕೊಳ್ಳುವುದು ಹೇಗೆಂಬುದನ್ನೂ ಕಲಿಯುವಳು.

ಊರಿನಿಂದ ಕಾಡಿನ ಹಾದಿಯಾಗಿ ಐದಾರು ಕಿಲೋಮೀಟರ್ ನಡೆದರೆ 12ನೆಯ ಶತಮಾನದ ಬೆಬೆನ್‌ಹೌಸನ್ ಮಠವು ಸಿಕ್ಕುತ್ತದೆ. ರೈಲಿನಲ್ಲಿ ಒಂದೇ ದಿನದಲ್ಲಿ ಉಲ್ಮ್ ಪಟ್ಟಣಕ್ಕೆ ಹೋಗಿ ಬರಬಹುದು. ಅಲ್ಲಿಯ ದೇವಾಲಯದ ಶಿಖರವು 161 ಮೀಟರಿಗೂ ಮೀರಿದ ಎತ್ತರದ್ದು. 1890ರಲ್ಲಿ ಪೂರ್ತಿಯಾದಂದಿನಿಂದ, 2025ರಲ್ಲಿ ಬಾರ್ಸಿಲೋನದ ಸಗ್ರಾದ ಫಮೀಲಿಯವು ಅದನ್ನು ಮೀರುವ ವರೆಗೆ, ಜಗತ್ತಿನ ಚರ್ಚುಗಳಲ್ಲೆಲ್ಲ ಅದೇ ಎತ್ತರವಾಗಿತ್ತು. ಅದಕ್ಕೆ 768 ಮೆಟ್ಟಿಲುಗಳು.

ಈ ಮೆಟ್ಟಿಲುಗಳನ್ನು ಹತ್ತಿಬಂದ ಹುಡುಗಿಯೊಬ್ಬಳನ್ನು ನಾವು ಬಲ್ಲೆವು. ಮೇಲಿನಿಂದ ಕಂಡ ಡ್ಯಾನ್ಯೂಬ್ ಹೊಳೆಯನ್ನು ಆಕೆ ನಮಗೆ ಉತ್ಸಾಹದಿಂದ ವರ್ಣಿಸಿದಳು. ಮನೆಗೆ ಈ ಸಂಗತಿಯನ್ನು ತಿಳಿಸಿದೆಯಾ ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿ, “ಗ್ರಂಥಾಲಯದಲ್ಲಿದ್ದೆನೆಂದು ಹೇಳಿದ್ದೇನೆ” ಎಂದಳು. ಅದೇ ವರ್ಷ ಆಕೆಯ ಅಣ್ಣನು ಬೇರೊಂದು ದೇಶದಲ್ಲಿ ಓದುತ್ತ ಗೆಳೆಯರೊಡನೆ ಮೂರು ರಾಜ್ಯಗಳನ್ನು ಸುತ್ತಿದ್ದನು. ಅವನ ಚಿತ್ರಗಳನ್ನು ಮನೆಯವರು ನೆಂಟರಿಗೆಲ್ಲ ತೋರಿಸಿದ್ದರು. ಪ್ರಿಯ ವಾಚಕರೇ, ನಮ್ಮ ಲೇಖನದ ಮರ್ಮವು ಇಲ್ಲಿಯೇ ಇದೆ. ಮಗನು ತಿರುಗಿದರೆ ಲೋಕಾನುಭವ, ಮಗಳು ತಿರುಗಿದರೆ ಸ್ವೇಚ್ಛೆ ಎಂಬ ಎರಡು ತಕ್ಕಡಿಗಳನ್ನು ನಾವು ಇಟ್ಟುಕೊಂಡಿರುವ ವರೆಗೆ ಮಗಳು ತಿರುಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾಳೆ. ಆಕೆ ಯಾವ ಊರಿನಲ್ಲಿದ್ದಾಳೆಂಬುದು ಮನೆಯವರಿಗೆ ತಿಳಿಯದ ದಿನವೇ ನಿಜವಾಗಿ ಭಯಪಡಬೇಕಾದ ದಿನ. ನಿಷೇಧವು ಆಕೆಯನ್ನು ಕಾಯುವುದಿಲ್ಲ, ನಿಜ ಹೇಳುವ ಸಲಿಗೆಯೇ ಕಾಯುವುದು.

ತಾಯ್ತಂದೆಗಳ ಆಕ್ಷೇಪದಲ್ಲಿ ನ್ಯಾಯವಾದ ಅಂಶವೂ ಇದೆ. ನಾಲ್ಕು ದಿನಗಳಲ್ಲಿ ಐದು ರಾಜಧಾನಿಗಳನ್ನು ಸುತ್ತಿ, ಪ್ರತಿಯೊಂದರ ಮುಂದೆಯೂ ನಿಂತು ಚಿತ್ರ ತೆಗೆಸಿಕೊಂಡು, ಒಂದರ ಕಥೆಯನ್ನೂ ತಿಳಿಯದೆ, ಸಾಲದ ಭಾರವನ್ನು ಹೆಚ್ಚಿಸಿಕೊಂಡು ಬರುವುದನ್ನು ನಾವೂ ಮೆಚ್ಚುವುದಿಲ್ಲ. ಅದು ನೋಡುವಿಕೆಯಲ್ಲ, ಎಣಿಸುವಿಕೆ. ಆದರೆ ಇದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ. ಕಡಮೆ ಸ್ಥಳಗಳನ್ನು ಚೆನ್ನಾಗಿ ನೋಡುವ ರುಚಿಯನ್ನು ಹುಟ್ಟಿಸುವುದೇ ಮದ್ದು. ಆ ರುಚಿಯನ್ನು ಇಲ್ಲಿ, ಶಾಲೆಯ ದಿನಗಳಲ್ಲಿಯೇ ಬೆಳೆಸಬೇಕು. ಬೇಲೂರು, ಮೂಡಬಿದಿರೆಗಳನ್ನು ಕಣ್ಣು ತೆರೆದು ನೋಡಿದವಳು ಉಲ್ಮ್ ಪಟ್ಟಣವನ್ನೂ ಹಾಗೆಯೇ ನೋಡುವಳು.

ಹಿಂದಿನವರು ಪಟ್ಟ ಪಾಡನ್ನು ನಾವು ಮರೆಯಬಾರದು. ಟ್ಯೂಬಿಂಗನ್ನಿನಲ್ಲಿ ಮರಿಯಾ ಫೊನ್ ಲಿಂಡೆನ್ ಎಂಬಾಕೆಗೆ 1892ರಲ್ಲಿ ವಿಶೇಷ ಅನುಮತಿಯಿಂದ ಪಾಠಕ್ಕೆ ಪ್ರವೇಶ ದೊರೆಯಿತು, 1895ರಲ್ಲಿ ಡಾಕ್ಟರ್ ಪದವಿಯೂ ಬಂದಿತು. ಇತರ ಸ್ತ್ರೀಯರಿಗೆ ಬಾಗಿಲು ತೆರೆದದ್ದು 1904ರಲ್ಲಿ. ನಮ್ಮ ದೇಶದ ಕಾರ್ನೀಲಿಯ ಸೊರಾಬ್ಜಿಯವರು 1889ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಯನ್ನು ಬರೆದರು. ಪದವಿಯು ಅವರ ಕೈಸೇರಿದ್ದು 1922ರಲ್ಲಿ. ಇಷ್ಟು ಕಷ್ಟದಿಂದ ತೆರೆದ ಬಾಗಿಲಿನೊಳಗೆ ಮಗಳನ್ನು ಕಳುಹಿಸಿ, ಅಲ್ಲಿಯ ಕಿಟಕಿಗಳನ್ನು ನಾವೇ ಮುಚ್ಚುವುದು ಯುಕ್ತವೇ?

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೆ. ಹೊರಡುವ ಮೊದಲು ಮಗಳಿಗೆ, ಮಗನಿಗೂ, ಅಡಿಗೆಯನ್ನೂ ಲೆಕ್ಕವನ್ನೂ ಕಲಿಸಿರಿ. ಖರ್ಚಿನ ಪಟ್ಟಿಯಲ್ಲಿ ಪುಸ್ತಕದ ಹಣದ ಕೆಳಗೆ ಪ್ರವಾಸಕ್ಕೆಂದು ಸ್ವಲ್ಪವನ್ನು ನೀವೇ ಬರೆಯಿರಿ. ನೀವು ಬರೆದ ಹಣವನ್ನು ಆಕೆ ಮುಚ್ಚಿಡಬೇಕಾಗಿಲ್ಲ. ರಾತ್ರಿ ಒಂಬತ್ತಕ್ಕೆ ಮಾತನಾಡುವಾಗ “ಊಟವಾಯಿತೇ, ಓದಿದೆಯಾ” ಎಂಬ ಎರಡು ಪ್ರಶ್ನೆಗಳೊಡನೆ “ಈ ವಾರ ಏನು ನೋಡಿದೆ?” ಎಂಬ ಮೂರನೆಯದನ್ನೂ ಸೇರಿಸಿರಿ. ಅಲ್ಲಿ ಓದುತ್ತಿರುವ ತಂಗಿಯರಿಗೆ ನಮ್ಮ ಮಾತು ಇನ್ನೂ ಚಿಕ್ಕದು: ಹೋದಲ್ಲಿ ನಿಂತು ನೋಡಿರಿ, ಕಂಡದ್ದನ್ನು ಮನೆಗೆ ಬರೆಯಿರಿ, ಮುಂದಿನ ವರ್ಷದ ಈ ಸಂಚಿಕೆಗೂ ಕಳುಹಿಸಿರಿ.