ಹಳೆ ಸೀರೆ, ಹೊಸ ಲಂಗ, ಮನೆಗೊಂದು ಮಗು

ದತ್ತು ತಗೊಳ್ಳೋಕೆ ಲಕ್ಷಗಟ್ಟಲೆ ಬೇಕು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಬ್ರೋಕರ್‌ಗಳು ಬದುಕೋದೇ ಆ ಮಾತಿನ ಮೇಲೆ. ಕೇಂದ್ರ ಸರ್ಕಾರದ 'ಕಾರಾ' ನಿಯಮದಂತೆ ಮುಖ್ಯವಾಗಿ ಕಟ್ಟಬೇಕಾದದ್ದು ಮನೆ ಪರಿಶೀಲನೆಗೆ 6,000, ದತ್ತು ಸಂಸ್ಥೆಗೆ 50,000 ರೂಪಾಯಿ. ತಾಳವಾಡಿಯ ಒಂದು ಮನೆ ಇದನ್ನ ಹೊಲಿಗೆ ಮೆಷಿನ್ನಲ್ಲೇ ದುಡೀಬಹುದು. ಹಳೆ ಸೀರೆ, ತಿರುಪ್ಪೂರಿನ ಬನಿಯನ್ ಚೂರುಗಳಲ್ಲಿ ಲಂಗ, ಕುಲಾವಿ, ಕೈಚೀಲ ಹೊಲಿದು, ಒಂದಕ್ಕೆ 140 ಉಳಿದರೂ 400 ಮಾರಿದರೆ ಆಯ್ತು. ನೋಂದಣಿ ಆದಮೇಲೆ ವರ್ಷಗಟ್ಟಲೆ ಕಾಯಬೇಕಲ್ಲ, ಹೊಲಿಯೋಕೆ ಟೈಮಿಗೇನೂ ಬರವಿಲ್ಲ!

ಇಂಥವರ ಹತ್ತಿರ ಚೌಕಾಸಿ ಮಾಡದೆ ಕೊಳ್ಳೋಣ. ಆದ್ರೆ ದುಡ್ಡು ಎಲ್ಲಿ ಕಟ್ಟಿದ್ರಿ ಅಂತ ರಸೀದಿ ಕೇಳೋದ್ರಲ್ಲಿ ತಪ್ಪಿಲ್ಲ. ವ್ಯಾಪಾರಕ್ಕಾಗಿ ಮಗುವಿನ ಫೋಟೋ, ಹೆಸರು ಹಾಕೋದು ಬೇಡವೇ ಬೇಡ. ಬ್ರೋಕರ್ ಕೈಗಂತೂ ಒಂದು ಪೈಸೆಯೂ ಹೋಗಬಾರದು: ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಗು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಜೈಲು.

ಪರಿಶೀಲನೆಗೆ ಬಂದವರು ತಮಿಳಲ್ಲಿ ಕೇಳಿದ್ರೆ ಹೆದರಬೇಡಿ, ಕನ್ನಡದಲ್ಲಿ ಹೇಳ್ತೀವಿ ಅನ್ನಿ. ಮಗು ಬೆಳೆಯೋದು ಕನ್ನಡ ಮನೇಲಿ ತಾನೇ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡೋದು ಕೋರ್ಟಲ್ಲ, ಜಿಲ್ಲಾಧಿಕಾರಿ. ಈರೋಡಿಗೆ ಓಡಾಡೋಕೆ ದಿಂಬಂ ಘಾಟಿಯ 27 ತಿರುವು ಇಳೀಬೇಕು. ಬಸ್ ಚಾರ್ಜಿಗೂ ಸೇರಿಸಿ ನಾಲ್ಕು ಲಂಗ ಜಾಸ್ತಿ ಹೊಲಿದಿಡಿ.